ಗುಜರಿಗೆ ಹಾಕುವುದು ಅಪರಿಗ್ರಹವೇ?

ಕಳೆದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯವನ್ನು ಕುರಿತ ಉಪನ್ಯಾಸವೊಂದನ್ನು ಕೇಳುವ ಅವಕಾಶ ಒದಗಿತ್ತು. ಉಪನ್ಯಾಸಕರು ಓದಿಕೊಂಡವರು, ಮಾತು ಬಲ್ಲವರು. ಪರದೆಯ ಮೇಲೆ ಅವರು ಒಂದು ಮನೆಯ ಚಿತ್ರಗಳನ್ನು ತೋರಿಸಿದರು: ಬಿಳಿಯ ಗೋಡೆ, ಒಂದು ಕುರ್ಚಿ, ಕಿಟಕಿಯ ಬಳಿ ಒಂದು ಗಿಡ, ಅಷ್ಟೆ. ಜಗತ್ತು ಈಗ ನಮ್ಮ ಅಪರಿಗ್ರಹದ ಕಡೆಗೆ ಬರುತ್ತಿದೆ ಎಂದರು. ಮನೆಗೆ ಹೋಗಿ ಸಂಜೆಯೊಳಗೆ ಮೂರು ಚೀಲ ತುಂಬಿ ಹೊರಗಿಡಬೇಕೆಂದೂ ಅದೇ ಅಂದಿನ ವ್ರತವೆಂದೂ ಶ್ರಾವಕರಿಗೆ ಸೂಚಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಏಕೆಂದು ಪಕ್ಕದಲ್ಲಿ ಕುಳಿತಿದ್ದ ಮಿತ್ರರು ಕೇಳಿದರು. ಆಗ ಉತ್ತರ ಹೊಳೆಯಲಿಲ್ಲ. ಈ ಬರಹ ಅವರಿಗೆ ಸಲ್ಲಬೇಕಾದ ಉತ್ತರ.

ಆ ಉಪನ್ಯಾಸಕರೊಬ್ಬರ ಮೇಲೆ ನನ್ನ ತಕರಾರಿಲ್ಲ. ಈ ವಾದ ಈಗ ಎಲ್ಲೆಡೆ ಹಬ್ಬಿದೆ. ಮನೆಯಲ್ಲಿ ವಸ್ತುಗಳು ಕಡಿಮೆಯಾದಷ್ಟೂ ಅಪರಿಗ್ರಹ ಹೆಚ್ಚುತ್ತದೆ, ಹೊರಗೆ ಹಾಕಿದ್ದೆಲ್ಲವೂ ತ್ಯಾಗ ಎಂಬ ಎರಡು ಸಮೀಕರಣಗಳು ಅದರ ಬುನಾದಿ. ಮೊದಲನೆಯದು ಶಾಸ್ತ್ರವನ್ನು ಅರ್ಧ ಓದಿದ್ದರ ಫಲ. ಎರಡನೆಯದು ಅದಕ್ಕಿಂತ ಅಪಾಯಕರವಾದದ್ದು. ಏಕೆಂದರೆ ಅದರ ನಷ್ಟವನ್ನು ತುಂಬುವುದು ಮುಂದಿನವರಿಂದ ಸಾಧ್ಯವಿಲ್ಲ.

ಶಾಸ್ತ್ರದಿಂದಲೇ ಮೊದಲು ಮಾಡುತ್ತೇನೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಪರಿಗ್ರಹವನ್ನು ಲಕ್ಷಣಿಸುವಾಗ ವಸ್ತುವಿನ ಹೆಸರನ್ನೇ ಎತ್ತುವುದಿಲ್ಲ. ಅವನು ಬಳಸುವುದು ‘ಮೂರ್ಛೆ’ ಎಂಬ ಒಂದು ಪದವನ್ನು. ಇದರ ಮೇಲೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದ ತಾನೇ ಒಂದು ಪೂರ್ವಪಕ್ಷವನ್ನು ಹೂಡುತ್ತಾನೆ: ಹಾಗಾದರೆ ಹೊರಗಿನ ವಸ್ತುಗಳು ಪರಿಗ್ರಹವೇ ಅಲ್ಲವೆಂದಾಯಿತಲ್ಲ? ಅದಕ್ಕೆ ಅವನು ಕೊಡುವ ಸಮಾಧಾನದ ತಾತ್ಪರ್ಯವಿಷ್ಟು. ಒಳಗಿನದೇ ಪ್ರಧಾನವಾದುದರಿಂದ ಸೂತ್ರ ಅದನ್ನು ಹಿಡಿದಿದೆ. ಹೊರಗೆ ಏನೊಂದೂ ಇಲ್ಲದವನೂ ‘ಇದು ನನ್ನದು’ ಎಂಬ ಸಂಕಲ್ಪವುಳ್ಳವನಾದರೆ ಪರಿಗ್ರಹಿಯೇ. ಪರದೆಯ ಮೇಲಿನ ಆ ಬಿಳಿಯ ಕೋಣೆಯೊಳಗೆ ಈ ಮಾತನ್ನು ಇಟ್ಟು ನೋಡಬೇಕು. ಆ ಕೋಣೆ ತನ್ನದು, ಅದರ ಖಾಲಿತನ ತನ್ನದು, ಆ ಖಾಲಿತನವನ್ನು ನಾಲ್ಕು ಜನ ನೋಡಿ ಮೆಚ್ಚಬೇಕು ಎಂಬ ಬಯಕೆ ತನ್ನದು. ಇಷ್ಟಿದ್ದರೆ ಒಂದು ಕುರ್ಚಿಯ ಮನೆಯೂ ತುಂಬಿದ ಮನೆಯೇ.

ನಮ್ಮ ಆಚಾರ್ಯರು ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸಿದ್ದಾರೆ. ಹೊಲಮನೆ, ಬೆಳ್ಳಿಬಂಗಾರ, ದನಧಾನ್ಯ, ಆಳುಕಾಳುಗಳಿಂದ ಹಿಡಿದು ಬಟ್ಟೆಬರೆಯಾದ ಕುಪ್ಯ, ಪಾತ್ರೆಪಡಗವಾದ ಭಾಂಡದವರೆಗೆ ಆ ಪಟ್ಟಿ ಹೋಗುತ್ತದೆ. ಇಂದಿನ ಅಲಮಾರಿಗಳಲ್ಲಿ ಕಿಕ್ಕಿರಿದಿರುವುದು ಬಹುಮಟ್ಟಿಗೆ ಕೊನೆಯ ಇವೆರಡೇ. ಆದರೆ ಅಂತರಂಗ ಪರಿಗ್ರಹಗಳು ಹದಿನಾಲ್ಕು. ಮಿಥ್ಯಾತ್ವವೊಂದು, ಕ್ರೋಧ ಮಾನ ಮಾಯಾ ಲೋಭಗಳೆಂಬ ಕಷಾಯಗಳು ನಾಲ್ಕು, ಉಳಿದ ಒಂಬತ್ತು ನೋಕಷಾಯಗಳು. ಈ ನೋಕಷಾಯಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಅದರಲ್ಲಿ ರತಿ ಇದೆ, ಅರತಿ ಇದೆ, ಶೋಕವಿದೆ, ಭಯವಿದೆ, ಜುಗುಪ್ಸೆಯಿದೆ. ಎಂದರೆ, ಹಿಡಿದುಕೊಳ್ಳುವ ಪ್ರೀತಿ ಹೇಗೆ ಪರಿಗ್ರಹವೋ, ಹೇಸಿ ಎಸೆಯುವ ಅಸಹನೆಯೂ ಹಾಗೆಯೇ ಪರಿಗ್ರಹ. ಮನೆ ಬರಿದಾದರೂ ಇವು ಬರಿದಾಗುವುದಿಲ್ಲ.

ಈ ಕಾಲದ ಮನೆ ಅಚ್ಚುಕಟ್ಟಿನ ಆಚಾರ್ಯೆಯೆಂದರೆ ಜಪಾನಿನ ಮಾರಿ ಕೊಂಡೊ. ಆಕೆಯ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು. 2019ರ ಆರಂಭದಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸರಣಿ ಅದನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿತು. ಅವರ ವಿಷಯದಲ್ಲಿ ಕುಹಕ ಸಲ್ಲದು. ಬೀಳ್ಕೊಡುವ ವಸ್ತುವಿಗೆ ಕೃತಜ್ಞತೆ ಹೇಳಿ ಕಳುಹಿಸಬೇಕೆಂಬ ಅವರ ಮಾತಿನಲ್ಲಿ ನಮ್ಮ ಉಪನ್ಯಾಸಕರ ಮೂರು ಚೀಲಗಳಲ್ಲಿ ಇಲ್ಲದ ಒಂದು ಮರ್ಯಾದೆಯಿದೆ. ನೆನಪಿನ ವಸ್ತುಗಳನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ ಎಂದು ಹೇಳುವಾಗ ಮನಸ್ಸಿನ ಕಷ್ಟ ಅವರಿಗೆ ಗೊತ್ತಿದೆಯೆಂಬುದೂ ಕಾಣುತ್ತದೆ. ಮೂರು ಮಕ್ಕಳ ತಾಯಿಯಾದ ಮೇಲೆ ಅಚ್ಚುಕಟ್ಟನ್ನು ಮೊದಲಿನಂತೆ ಪಾಲಿಸಲಾಗುತ್ತಿಲ್ಲವೆಂದು 2023ರಲ್ಲಿ ಅವರೇ ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆ ಎಲ್ಲ ಆಚಾರ್ಯರಿಗೂ ಬರುವುದಿಲ್ಲ. ಆದರೆ ಅವರ ಒರೆಗಲ್ಲು ಯಾವುದು? ವಸ್ತುವನ್ನು ಕೈಯಲ್ಲಿ ಹಿಡಿದಾಗ ಮನಸ್ಸಿಗೆ ಹಿಗ್ಗಾಗುತ್ತದೆಯೇ ಎಂಬುದು. ಹಿಗ್ಗಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಕಳುಹಿಸಿ. ಶಾಸ್ತ್ರದ ಪರಿಭಾಷೆಗೆ ತಿರುಗಿಸಿದರೆ ಇದು ರತಿಯೇ ನ್ಯಾಯಾಧೀಶನಾಗಿ ಕುಳಿತ ಕಟಕಟೆ. ಅದು ಜಪಾನಿನ ಗೃಹಿಣಿಗೆ ಒಳ್ಳೆಯ ಉಪಾಯವಾಗಿರಬಹುದು. ಅಪರಿಗ್ರಹವೆಂಬ ಹೆಸರು ಮಾತ್ರ ಅದಕ್ಕೆ ಸಲ್ಲುವುದಿಲ್ಲ. ಆಕೆಯೂ ಆ ಹೆಸರನ್ನು ಕೇಳಲಿಲ್ಲ. ಕೊಟ್ಟವರು ನಾವು.

ಕಾಗದಪತ್ರಗಳ ವಿಷಯದಲ್ಲಿ ಆಕೆಯ ಸಾಮಾನ್ಯ ನಿಯಮ ಇನ್ನೂ ಸರಳವಾದದ್ದು: ಎಲ್ಲವನ್ನೂ ತೆಗೆದುಹಾಕಿ. ಈ ಒಂದು ನಿಯಮ ನನ್ನ ಮನೆಯಲ್ಲಿ ಏನು ಮಾಡಿತೆಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಅಪ್ಪ ತೀರಿಕೊಂಡ ಮರುವರ್ಷ ಮಲೆನಾಡಿನ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡಬೇಕಾಯಿತು. ತಂಗಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಳು, ನಾನು ಎರಡು ಕೋಣೆಯ ಮನೆಯಲ್ಲಿದ್ದೆ. ಅಮ್ಮ ನನ್ನೊಡನೆ ಬರುವುದೆಂದಾಯಿತು. ಅಟ್ಟದಿಂದ ಇಳಿಸಿದ್ದನ್ನು ನೋಡಿ ನನಗೆ ತಲೆತಿರುಗಿತು. ಹಾರ್ಲಿಕ್ಸ್ ಬಾಟಲಿಗಳು, ತೊಳೆದು ಒಣಗಿಸಿ ಮಡಿಸಿಟ್ಟ ಹಾಲಿನ ಪ್ಯಾಕೆಟ್ಟುಗಳು, ಸೆಣಬಿನ ಹುರಿಯ ಉಂಡೆಗಳು, ಹರಿದ ಸೀರೆಗಳ ಅಂಚು, ಐವತ್ತು ವರ್ಷಗಳ ಮದುವೆಯ ಕರೆಯೋಲೆಗಳು, ಅಪ್ಪನ ಎರಡು ಕನ್ನಡಕ, ಅವರ ಕೊನೆಯ ಆರು ತಿಂಗಳ ಔಷಧದ ಚೀಟಿಗಳೆಲ್ಲ ಒಂದು ದಾರದಲ್ಲಿ ಪೋಣಿಸಿ. ಕೊನೆಗೆ ಎರಡು ಗೋಣಿಚೀಲ ತುಂಬ ಅಜ್ಜನ ಅಡಕೆ ವ್ಯಾಪಾರದ ಲೆಕ್ಕದ ಪುಸ್ತಕಗಳು. ನಾನು ಅಪರಿಗ್ರಹದ ಮೇಲೆ ಪುಟ್ಟ ಪುಸ್ತಕವನ್ನೇ ಬರೆದವನು. ಅಮ್ಮನಿಗೆ ಅರ್ಧ ಗಂಟೆ ಪ್ರವಚನ ಕೊಟ್ಟೆ. ಅಮ್ಮ ಏನೂ ಹೇಳದೆ ಕೇಳಿಸಿಕೊಂಡರು. ಬಾಟಲಿಗಳನ್ನು ತಾವೇ ತೆಗೆದು ಅಂಗಳದಲ್ಲಿ ಸಾಲಾಗಿ ಇಟ್ಟರು. ಔಷಧದ ಚೀಟಿಗಳನ್ನು ಮಾತ್ರ ಕೈಯಿಂದ ಬಿಡಲಿಲ್ಲ. “ಇವನ್ನೇನು ಮಾಡುತ್ತೀಯಮ್ಮ?” ಎಂದರೆ, “ಏನೂ ಮಾಡುವುದಿಲ್ಲ” ಎಂದರು.

ಲೆಕ್ಕದ ಪುಸ್ತಕಗಳು ಗುಜರಿಯವನ ತಕ್ಕಡಿಗೆ ಹೋದವು. ನಾನೂರು ಚಿಲ್ಲರೆ ರೂಪಾಯಿ ಬಂತು. ಆ ಹಣದಲ್ಲಿ ಸಾಮಾನು ಏರಿಸಿದ ಹುಡುಗರಿಗೆ ತಿಂಡಿ ಕೊಡಿಸಿದ ನೆನಪು. ಕೆಲವು ತಿಂಗಳ ಮೇಲೆ, ನಮ್ಮ ಸೀಮೆಯ ಜೈನ ಹೆಂಗಸರ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಒಬ್ಬ ಸಂಶೋಧಕಿ ಮನೆಗೆ ಬಂದಾಗ ಅಮ್ಮ ಸಹಜವಾಗಿ ಹೇಳಿದರು: “ನಮ್ಮ ಅತ್ತೆಯವರಿಗೆ ಬಹಳ ಹಾಡು ಬರುತ್ತಿತ್ತು. ಅವರಿಗೆ ಬರೆಯಲು ಬಾರದು. ಮಾವನವರ ಹತ್ತಿರ ಹೇಳಿ ಬರೆಸುತ್ತಿದ್ದರು, ಲೆಕ್ಕದ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ.” ನನ್ನ ಬಾಯಿ ಒಣಗಿತು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. “ನೀನು ಕೇಳಲಿಲ್ಲ” ಎಂದರು ಅಮ್ಮ.

ನಾನು ಆ ಪುಸ್ತಕಗಳಲ್ಲಿ ಒಂದನ್ನಾದರೂ ಕೊನೆಯಿಂದ ತಿರುವಿ ನೋಡಿರಲಿಲ್ಲ. ನೋಡಲು ಬಿಡದಿದ್ದುದು ಯಾವುದೆಂದು ಈಗ ಸ್ಪಷ್ಟವಾಗಿ ಹೇಳಬಲ್ಲೆ: ಧೂಳಿನ ಮೇಲಿನ ಜುಗುಪ್ಸೆ, ಮನೆ ಕೈತಪ್ಪುತ್ತಿರುವ ಶೋಕವನ್ನು ಬೇಗ ಮುಗಿಸಿಬಿಡುವ ಆತುರ, ಮತ್ತು ‘ನಾನು ಬಿಡಬಲ್ಲವನು’ ಎಂಬ ಮಾನ. ಹದಿನಾಲ್ಕರಲ್ಲಿ ಮೂರು. ಚೀಟಿಗಳನ್ನು ಹಿಡಿದು ಕುಳಿತ ಅಮ್ಮನಲ್ಲಿ ಮೂರ್ಛೆಯಿತ್ತೆಂದು ನಾನು ಅಂದು ತಿಳಿದಿದ್ದೆ. ಇದ್ದಿರಬಹುದು. ನನ್ನದು ಅದಕ್ಕಿಂತ ದೊಡ್ಡದಾಗಿತ್ತು.

ನಾವು ಕಸವೆಂದು ಕರೆಯುವುದರಲ್ಲಿ ಎಷ್ಟು ಪಾಲು ಓದದೆ ಬಿಟ್ಟ ಬರಹ? ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿ ಈ ಪ್ರಶ್ನೆಯನ್ನು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ. ಕನ್ನಡ ನಾಡಿನ ವ್ಯಾಪಾರಿಗಳೂ ಶಾನುಭೋಗರೂ ಮಠಗಳೂ ಬಳಸುತ್ತಿದ್ದ ಕಡತವನ್ನೇ ನೋಡಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಅಡ್ಡಡ್ಡ ಮಡಿಕೆ ಹಾಕಿ, ಬಳಪದಿಂದ ಬರೆದ ಪುಸ್ತಕವದು. ಒರೆಸಿ ಮತ್ತೆ ಬರೆಯಬಹುದಾದ್ದರಿಂದ ಅದನ್ನು ಯಾರೂ ಪವಿತ್ರವೆಂದು ಭಾವಿಸಲಿಲ್ಲ. ಅಟ್ಟದ ಮೂಲೆಯಲ್ಲಿ ಕರಿಯ ಚಿಂದಿಯಂತೆ ಕಾಣುವ ಅದನ್ನು ಮೂರು ಚೀಲಗಳ ಯಾವ ವ್ರತಿಯೂ ಉಳಿಸಲಾರ. 1916ರಲ್ಲಿ, ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿಯಲ್ಲಿ ಹಳೆಯ ಕಾಗದಗಳ ಕಟ್ಟೊಂದನ್ನು ಕಂಡರು. ಅವುಗಳಲ್ಲಿ ಟಿಪ್ಪು ಸುಲ್ತಾನನು ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳಿದ್ದವು. 1791ರಲ್ಲಿ ಮರಾಠರ ಸೈನ್ಯ ಮಠವನ್ನು ಕೊಳ್ಳೆಹೊಡೆದ ಸಂದರ್ಭದವೂ ಅವುಗಳಲ್ಲಿ ಸೇರಿದ್ದವು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಇಂದಿಗೂ ಆ ಪತ್ರಗಳನ್ನು ಬಿಟ್ಟು ಮಾತಾಡಲಾರರು. ಸುಮಾರು 125 ವರ್ಷ ಅವು ಅಲ್ಲಿ ಉಳಿದದ್ದಕ್ಕೆ ಕಾರಣ ಯಾರ ದೂರದೃಷ್ಟಿಯೂ ಆಗಿರಬೇಕಿಲ್ಲ. ಅಚ್ಚುಕಟ್ಟಿನ ಉತ್ಸಾಹವಿದ್ದವರ ಕೈ ಅಲ್ಲಿಗೆ ತಲುಪದಿದ್ದರೆ ಸಾಕಾಗಿತ್ತು.

ಉಳಿಯದೆ ಹೋದವುಗಳ ಲೆಕ್ಕ ನಮಗೆ ಗೊತ್ತಿರುವಷ್ಟೇ ದೊಡ್ಡದು. ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ಇಲ್ಲ. ಪೊನ್ನನ ಭುವನೈಕರಾಮಾಭ್ಯುದಯವಿಲ್ಲ. ಅಸಗನ ಕರ್ನಾಟಕ ಕುಮಾರಸಂಭವವಿಲ್ಲ. ಒನಕೆವಾಡಾಗಿ ಹೆಂಗಸರ ಬಾಯಲ್ಲೂ ನಿಂತಿತ್ತೆಂದು ಕೇಳಿಬರುವ ಗಂಗ ಶಿವಮಾರನ ಗಜಾಷ್ಟಕದ ಒಂದು ಪದ್ಯವೂ ನಮ್ಮ ಕೈಯಲ್ಲಿಲ್ಲ. ಇವುಗಳ ಕೊನೆಯ ಪ್ರತಿಯನ್ನು ಯಾರೋ ಶತ್ರುಗಳು ಸುಟ್ಟರೆಂದು ಊಹಿಸಿಕೊಳ್ಳುವುದು ನಮಗೆ ಹಿತವಾಗಿರುತ್ತದೆ. ಗೆದ್ದಲೂ ಮಳೆಯೂ ತಿಂದವು ಎಷ್ಟೋ. ಆದರೆ ಜೀರ್ಣವಾದ ಓಲೆಗರಿಯ ಕಟ್ಟನ್ನು ಕೈಮುಗಿದು ಹೊಳೆಗೆ ಬಿಡುವ ಪದ್ಧತಿ ನಮ್ಮ ನಾಡಿನಲ್ಲಿತ್ತು. ಹೊಸ ಪ್ರತಿ ಬರೆದುಕೊಂಡ ಮೇಲೆ ಹಳೆಯದನ್ನು ಬಿಡಬೇಕೆಂಬುದು ಅದರ ಮೂಲ. ಕ್ರಮೇಣ ಪ್ರತಿ ಬರೆಯುವ ಭಾಗ ಬಿಟ್ಟುಹೋಗಿ ಹೊಳೆಗೆ ಬಿಡುವ ಭಾಗ ಮಾತ್ರ ಉಳಿಯಿತು. ಭಕ್ತಿಯಿಂದ ಮಾಡಿದರೂ ಗುಜರಿ ಗುಜರಿಯೇ.

ಇಷ್ಟು ಹೇಳಿದ ಮೇಲೆ, ‘ಹಾಗಾದರೆ ಎಲ್ಲವನ್ನೂ ಕೂಡಿಟ್ಟುಕೊಳ್ಳುವುದೇ ಸರಿ’ ಎಂದು ನಮ್ಮ ಸಮಾಜದ ಕೆಲವರು ಸಂತೋಷಪಡಬಹುದು. ಅವರಿಗೆ ನೆನಪಿಸಬೇಕಾದದ್ದು ಮೂಡಬಿದಿರೆಯ ಕಥೆ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಳೆಗರಿಯ ಪ್ರತಿಗಳು ಲೋಕದಲ್ಲಿ ಉಳಿದದ್ದು ಅಲ್ಲಿನ ಸಿದ್ಧಾಂತ ಬಸದಿಯೊಂದರಲ್ಲಿಯೇ. ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ ಹೊರಗೆ ಬಂದವು. ಯಾತ್ರಿಕರು ಕಾಣಿಕೆಯಿಟ್ಟು, ನಮಸ್ಕರಿಸಿ ಹೋದರು, ಓದಿದವರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಹಳ ಬೇಡಿಕೆಯ ಮೇಲೆ ಪ್ರತಿ ಮಾಡುವ ಕೆಲಸ ಮೊದಲಾಯಿತು, ಅದೂ ಹೊರಗೆ ಹೋಗಬಾರದೆಂಬ ಕಟ್ಟಿನ ಮೇಲೆ. ಪ್ರತಿ ಮಾಡಿದ ಪಂಡಿತರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಬರೆದು ಉತ್ತರ ಭಾರತಕ್ಕೆ ಮುಟ್ಟಿಸಿದರು. ಡಾ. ಹೀರಾಲಾಲ ಜೈನರ ಸಂಪಾದನೆಯಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾದದ್ದು ಹೀಗೆ ಹೊರಬಂದ ಪಾಠದ ಬಲದಿಂದ. ದಿಗಂಬರ ಪರಂಪರೆಯ ಮೂಲಾಗಮ ಲೋಕಕ್ಕೆ ದೊರೆಯಲು ಒಬ್ಬ ಪಂಡಿತ ಕಟ್ಟು ಮೀರಬೇಕಾಯಿತು! ಆ ಗರಿಗಳನ್ನು ಅಷ್ಟು ಕಾಲ ಕಾಪಾಡಿದವರ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಅವರ ಕಟ್ಟುನಿಟ್ಟಿಲ್ಲದಿದ್ದರೆ ಧವಲಾ ಕೂಡ ರನ್ನನ ಚಕ್ರೇಶ್ವರಚರಿತದ ದಾರಿಯನ್ನೇ ಹಿಡಿಯುತ್ತಿತ್ತು. ಆದರೂ ಓದುವವನ ಕೈಗೆ ಸಿಗದ ಶಾಸ್ತ್ರ ಭಂಡಾರದಲ್ಲಿದ್ದರೂ ಒಂದು ಬಗೆಯ ಭಾಂಡವೇ ಆಗಿಬಿಡುತ್ತದೆ.

ಇನ್ನು ವಿದ್ವಾಂಸರು. ಅಮ್ಮನ ಹಾರ್ಲಿಕ್ಸ್ ಬಾಟಲಿಗಳನ್ನು ಕಂಡು ನಗುವ ನಮ್ಮ ಕಪಾಟುಗಳಲ್ಲಿ ಏನಿದೆ? ಎಂದೋ ಎರವಲು ತಂದ ಪುಸ್ತಕಗಳು, ಬೇರೆಯವರ ಕೈಗೆ ಸಿಗಬಾರದೆಂದು ಬಚ್ಚಿಟ್ಟ ಹಸ್ತಪ್ರತಿಗಳ ಝೆರಾಕ್ಸ್‌ಗಳು, ‘ನಾನೇ ಸಂಪಾದಿಸುತ್ತೇನೆ’ ಎಂದು ಪತ್ರಿಕೆಯಲ್ಲಿ ಪ್ರಕಟಿಸಿ ಕಾಲು ಶತಮಾನ ದಾಟಿದ ಕೃತಿಗಳ ಕಚ್ಚಾ ಪ್ರತಿಗಳು. ನನ್ನ ಮಂಚದ ಕೆಳಗೂ ಅಂಥ ಒಂದು ಕಟ್ಟಿತ್ತು. ನನ್ನ ಗುರುಗಳು ತಮ್ಮ ಕೈಯಾರೆ ಓಲೆಗರಿಯಿಂದ ಇಳಿಸಿಕೊಂಡಿದ್ದ, ಇನ್ನೂ ಅಚ್ಚಾಗದ ವ್ರತಕಥೆಗಳ ಪ್ರತಿ. ಅದನ್ನು ಸಂಪಾದಿಸೆಂದು ನನಗೆ ಕೊಟ್ಟು 28 ವರ್ಷವಾಗಿತ್ತು. ನಡುವೆ ಇಬ್ಬರು ಅದನ್ನು ಕೇಳಿಕೊಂಡು ಬಂದಿದ್ದರು. ಹುಡುಕಿ ಕೊಡುತ್ತೇನೆಂದು ಇಬ್ಬರಿಗೂ ಹೇಳಿದ್ದೆ. ಹುಡುಕುವುದೇನು, ಅದು ಎಲ್ಲಿದೆಯೆಂದು ನನಗೆ ಕತ್ತಲಲ್ಲೂ ಗೊತ್ತಿತ್ತು. ಕೊಟ್ಟುಬಿಟ್ಟರೆ ನಾನು ಇನ್ನು ಅದನ್ನು ಎಂದಿಗೂ ಮಾಡುವುದಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ವಸ್ತುವನ್ನು ಬಿಡುವುದು ಕಷ್ಟವೆನ್ನುತ್ತಾರೆ. ಬಿಡುವುದಕ್ಕೆ ಕಷ್ಟವಾದದ್ದು ಮುಂದೊಂದು ದಿನ ನಾನು ಆಗಲಿದ್ದ ವಿದ್ವಾಂಸನನ್ನು. ಅಮ್ಮನ ಚೀಟಿಗಳಲ್ಲಿ ಇದ್ದದ್ದು ಕಳೆದುಹೋದ ಒಬ್ಬ ಮನುಷ್ಯ. ನನ್ನ ಕಟ್ಟಿನಲ್ಲಿ ಇದ್ದದ್ದು ಹುಟ್ಟದೇ ಉಳಿದ ಒಬ್ಬ ಮನುಷ್ಯ. ಯಾವುದು ಹೆಚ್ಚು ಮೂರ್ಛೆಯೆಂದು ಉಮಾಸ್ವಾತಿಯನ್ನು ಕೇಳುವ ಧೈರ್ಯ ನನಗಿಲ್ಲ.

ಎಸೆಯುವುದೂ ಅಲ್ಲದ, ಅಡಗಿಸುವುದೂ ಅಲ್ಲದ ದಾರಿ ನಮ್ಮ ಗ್ರಂಥಗಳಲ್ಲಿ ಇಲ್ಲವೇ? ದಶಧರ್ಮಗಳಲ್ಲಿ ಎಂಟನೆಯದು ತ್ಯಾಗ, ಒಂಬತ್ತನೆಯದು ಆಕಿಂಚನ್ಯ. ಎರಡೂ ಒಂದೇ ಆಗಿದ್ದರೆ ಬೇರೆ ಬೇರೆಯಾಗಿ ಹೇಳುತ್ತಿರಲಿಲ್ಲ. ಪೂಜ್ಯಪಾದನ ವ್ಯಾಖ್ಯಾನದಲ್ಲಿ ಆಕಿಂಚನ್ಯವೆಂದರೆ, ಶರೀರವನ್ನೂ ಒಳಗೊಂಡಂತೆ ಪಡೆದುಕೊಂಡ ಯಾವುದರ ಬಗೆಗೂ ‘ಇದು ನನ್ನದು’ ಎಂಬ ಅಭಿಪ್ರಾಯ ತೊಲಗುವುದು. ತ್ಯಾಗವೆಂದರೆ, ಸಂಯಮಿಗೆ ಯೋಗ್ಯವಾದ ಜ್ಞಾನ ಮೊದಲಾದುವನ್ನು ದಾನ ಮಾಡುವುದು. ತ್ಯಾಗಕ್ಕೆ ಅವನು ಕೊಟ್ಟ ಅರ್ಥ ದಾನ. ಅದರಲ್ಲಿಯೂ ಮೊದಲು ಎಣಿಸಿದ್ದು ಜ್ಞಾನವನ್ನು. ದಾನಕ್ಕೆ ಒಬ್ಬ ಪಾತ್ರ ಬೇಕು, ಕೊಡುವ ವಸ್ತುವಿನ ಪರಿಚಯ ಬೇಕು, ಅದು ಅವನಿಗೆ ಯೋಗ್ಯವೇ ಎಂಬ ವಿವೇಚನೆ ಬೇಕು. ಗುಜರಿಯವನ ತಕ್ಕಡಿಯಲ್ಲಿ ಈ ಮೂರೂ ಇಲ್ಲ. ಅಷ್ಟೇಕೆ, ಮುನಿಗಳ ಐದು ಸಮಿತಿಗಳಲ್ಲಿ ವಸ್ತುವನ್ನು ಎತ್ತುವ ಇಡುವ ಎಚ್ಚರಕ್ಕೆ ಆದಾನನಿಕ್ಷೇಪಣವೆಂದೂ, ದೇಹದ ಮಲವನ್ನು ಬಿಡುವಾಗಿನ ಎಚ್ಚರಕ್ಕೆ ಉತ್ಸರ್ಗವೆಂದೂ ಬೇರೆ ಬೇರೆ ಸಮಿತಿಗಳಿವೆ. ಮಲವನ್ನು ಬಿಡುವುದಕ್ಕೂ ಜಾಗ ನೋಡಿ ಬಿಡಬೇಕೆಂದ ಧರ್ಮದ ಹೆಸರಿನಲ್ಲಿ, ಮನೆತನದ ಕಾಗದಗಳನ್ನು ನೋಡದೆ ಬಿಡುವುದನ್ನು ವ್ರತವೆಂದು ಬೋಧಿಸಲಾಗುತ್ತಿದೆ.

ಬಿಡುವುದು ಹೇಗೆಂದು ತೋರಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಆಕೆಯ ತವರಿನ ಸೊತ್ತು. ಆಕೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಬರೆಯಿಸಿದ ಕಾವ್ಯ. ಕುಟುಂಬದ ಹೆಮ್ಮೆಯೆಂದು ಅದನ್ನು ರೇಷ್ಮೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರೆ ಯಾರೂ ಆಕೆಯನ್ನು ದೂಷಿಸುತ್ತಿರಲಿಲ್ಲ. ಆಕೆ ಅದನ್ನು 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಇದರ ಅರ್ಥವೇನೆಂದು ಒಮ್ಮೆ ಲೆಕ್ಕ ಹಾಕಿರಿ: ಸಾವಿರ ಸಲ ಒಂದೊಂದು ಗರಿಯನ್ನೂ ಹದಮಾಡಬೇಕು, ಕಂಠದಿಂದ ಕೊರೆಯಬೇಕು, ಮಸಿ ತುಂಬಬೇಕು, ತೂತಿಗೆ ದಾರ ಪೋಣಿಸಬೇಕು. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನನೂ 1007ರ ಲಕ್ಕುಂಡಿಯ ಶಾಸನವೂ ಆಕೆಯನ್ನು ದಾನಚಿಂತಾಮಣಿಯೆಂದು ಹಾಡಿದ್ದು ಬರಿಯ ಪ್ರಶಸ್ತಿಯ ಮಾತಲ್ಲ. ರನ್ನನ ಎರಡು ಕೃತಿಗಳಿಲ್ಲ, ಪೊನ್ನನ ಶಾಂತಿಪುರಾಣ ಇದೆ. ಒಂದರ ಉಳಿವಿಗೂ ಇನ್ನೊಂದರ ಅಳಿವಿಗೂ ಇದೊಂದೇ ಕಾರಣವೆಂದು ಸಾಧಿಸುವುದು ಆಗದ ಮಾತು. ಆದರೆ ಸಾವಿರ ಕೈಗಳಿಗೆ ಹೋದದ್ದು ಒಂದು ಅಟ್ಟದ ಮೇಲೆ ಸಾಯುವುದಿಲ್ಲವೆಂಬಷ್ಟು ಖಚಿತ.

ಇದಕ್ಕೆ ಆಕ್ಷೇಪಗಳಿವೆ, ಬಲವಾದವೂ ಇವೆ. ಕೂಡಿಟ್ಟುಕೊಳ್ಳಿ ಎಂದು ಬರೆಯುವವರು ಸಾಮಾನ್ಯವಾಗಿ ಗಂಡಸರು. ಕೂಡಿಟ್ಟದ್ದರ ಧೂಳು ಹೊಡೆಯುವವರು ಹೆಂಗಸರು. ನನ್ನ ಕಪಾಟುಗಳ ಜಿರಲೆಗಳೊಡನೆ ಇಷ್ಟು ವರ್ಷ ಹೋರಾಡಿದವಳು ನನ್ನ ಹೆಂಡತಿ. ಆಕೆ ಈ ಬರಹವನ್ನು ಓದಿ ನಗದಿದ್ದರೆ ಆಶ್ಚರ್ಯ. ಎರಡನೆಯದಾಗಿ, ಬಿಡಲಾರದಿರುವುದು ಕೆಲವರಲ್ಲಿ ಕಾಯಿಲೆಯೇ ಆಗಿರುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಅದನ್ನು ಪ್ರತ್ಯೇಕ ಅಸ್ವಸ್ಥತೆಯೆಂದು ಗುರುತಿಸಿತು: ವಸ್ತುವಿನ ಬೆಲೆ ಏನೇ ಇರಲಿ ಅದನ್ನು ಬಿಡಲಾಗದ ಸಂಕಟ, ಅದರಿಂದ ಮನೆಯೇ ವಾಸಕ್ಕೆ ಬಾರದಂತಾಗುವುದು. ಅಂಥವರಿಗೆ ಬೇಕಾದದ್ದು ವೈದ್ಯರು. ವ್ರತೋಪದೇಶದಿಂದ ಅವರನ್ನು ನಾಚಿಸುವುದು ಕ್ರೌರ್ಯ. ಮೂರನೆಯದು ನಾನು ತಡವಾಗಿ ಅರಿತದ್ದು. ಅಮ್ಮ ಪಡಿತರದ ಸಾಲಿನಲ್ಲಿ ಸೀಮೆಎಣ್ಣೆಗೆ ನಿಂತ ಕಾಲದವರು. ಖಾಲಿ ಬಾಟಲಿ ಅವರ ಕಣ್ಣಿಗೆ ಖಾಲಿಯಲ್ಲ, ಮುಂದೆ ತುಂಬಬಹುದಾದದ್ದು. ಬೇಕೆಂದಾಗ ಬೆರಳ ತುದಿಯಲ್ಲಿ ತರಿಸಿಕೊಳ್ಳಬಲ್ಲವನು ಮಾತ್ರ ಇಂದು ನಿಶ್ಚಿಂತೆಯಿಂದ ಎಸೆಯಬಲ್ಲ. ಅವನ ಉಗ್ರಾಣ ಪೇಟೆಯಲ್ಲಿದೆ, ಮನೆಯಲ್ಲಿಲ್ಲ, ಅಷ್ಟೇ ವ್ಯತ್ಯಾಸ. ಮೂರು ಚೀಲ ಹೊರಗಿಟ್ಟ ಶ್ರಾವಕರಲ್ಲಿ ಎಷ್ಟು ಜನ ದೀಪಾವಳಿಯ ರಿಯಾಯಿತಿಯಲ್ಲಿ ನಾಲ್ಕು ಚೀಲ ಒಳಗೆ ತಂದರೋ ಎಣಿಸಿದವರಿಲ್ಲ.

ಜಾಗದ ಆಕ್ಷೇಪಕ್ಕೆ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲೇ ಉತ್ತರವಿದೆ. ಶ್ರಾವಕನ ಐದನೆಯ ಅಣುವ್ರತಕ್ಕೆ ಅವನು ಕೊಡುವ ಇನ್ನೊಂದು ಹೆಸರು ಇಚ್ಛಾಪರಿಮಾಣ. ಅಳತೆ ಹಾಕಬೇಕಾದದ್ದು ಇಚ್ಛೆಗೆ, ಮತ್ತು ಹಾಕಬೇಕಾದವನು ತಾನೇ. ಆ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವಿದೆ, ಲೋಭವಿದೆ. ಜೊತೆಗೆ ವಿಸ್ಮಯವೆಂಬುದೊಂದಿದೆ, ಪರರ ಸಂಪತ್ತನ್ನು ಕಂಡು ಬೆರಗಾಗುವುದು. ಪರದೆಯ ಮೇಲಿನ ಬಿಳಿಗೋಡೆಯ ಮನೆಯನ್ನು ಕಂಡು ಸಭೆಯೆಲ್ಲ ಬಾಯಿ ತೆರೆದು ಕುಳಿತಿತ್ತಲ್ಲ, ಅದಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ತೋರುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಒಂದು ಪೆಟ್ಟಿಗೆಯಷ್ಟು ಕಾಗದಕ್ಕೆ ಜಾಗವಿದೆಯೆಂದು ಅಳತೆ ಮಾಡಿಕೊಂಡರೆ ಆಯಿತು. ಉಳಿದದ್ದನ್ನು ಕೊನೆಯ ಹಾಳೆಯಿಂದಲೂ ತಿರುವಿ ನೋಡಿ, ಮನೆಯ ಹಿರಿಯರನ್ನು ಕೇಳಿ, ಫೋನಿನಲ್ಲಾದರೂ ಚಿತ್ರ ತೆಗೆದುಕೊಂಡು, ಬೇಕಾದವರಿಗೆ ಕೊಡಬೇಕು. ವಿಶ್ವವಿದ್ಯಾಲಯಗಳ ಹಸ್ತಪ್ರತಿ ಭಂಡಾರಗಳಿವೆ. 1891ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾಚ್ಯ ಗ್ರಂಥಾಲಯವನ್ನು ತುಂಬಿದ್ದು ಇಂಥ ಮನೆಗಳ ಅಟ್ಟಗಳೇ. ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲಿ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು, ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಪ್ರತಿಯನ್ನು ಆ ಗ್ರಂಥಾಲಯಕ್ಕೆ ಒಪ್ಪಿಸಿದ್ದರಿಂದ. ಒಪ್ಪಿಸುವ ದಿನ ಆ ಪಂಡಿತರಿಗೆ ಏನನ್ನಿಸಿತೋ ಯಾರೂ ಬರೆದಿಟ್ಟಿಲ್ಲ.

ಷಟ್ಖಂಡಾಗಮ ಬರಹಕ್ಕಿಳಿದು ಪೂರ್ಣವಾದದ್ದರ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಬಿಸಿಲು ತೋರಿಸಿ, ಹೊಸ ಬಟ್ಟೆ ಸುತ್ತುವ ದಿನ. ಈ ವರ್ಷ ಆ ದಿನ ನಾನು ಮಂಚದ ಕೆಳಗಿನ ಕಟ್ಟನ್ನು ಎಳೆದೆ. ಗುರುಗಳ ಅಕ್ಷರ ಕಂಡೊಡನೆ ಮತ್ತೆ ಒಳಗೆ ತಳ್ಳಿಬಿಡುವ ಮನಸ್ಸಾಯಿತು. ಮಳೆಗಾಲ ಮುಗಿದ ಮೇಲೆ ಖಂಡಿತ ಕುಳಿತುಕೊಳ್ಳುತ್ತೇನೆಂದು ಇಪ್ಪತ್ತೊಂಬತ್ತನೆಯ ಸಲ ಅಂದುಕೊಂಡೆ. ಆಮೇಲೆ, ಹಿಂದೆ ಕೇಳಿಕೊಂಡು ಬಂದ ಇಬ್ಬರಲ್ಲಿ ಕಿರಿಯರಿಗೆ ಫೋನು ಮಾಡಿದೆ. ಅವರು ಈಗ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ಮರುದಿನ ಬಂದು, ನನ್ನೆದುರಿಗೇ ಹಾಳೆಗಳನ್ನು ಎಣಿಸಿ, ಎಲ್ಲಿ ಎರಡು ಹಾಳೆ ಕಡಿಮೆಯಿದೆಯೆಂದು ಗುರುತು ಹಾಕಿಕೊಂಡರು. ಅವು ನನ್ನ ಬೇರೆ ಯಾವುದೋ ಕಡತದಲ್ಲಿ ಸೇರಿರಬೇಕು; ಈ ಸಲ ನಿಜವಾಗಿಯೂ ಹುಡುಕುತ್ತಿದ್ದೇನೆ. ಕಟ್ಟಿಗೆ ಸುತ್ತಿದ್ದ ಕೆಂಪು ಬಟ್ಟೆ ಹಳೆಯದಾಗಿದೆಯೆಂದು ಹೊಸದೊಂದನ್ನು ಸುತ್ತಿ ಕಳುಹಿಸಿದೆವು. ಹಳೆಯ ಬಟ್ಟೆಯನ್ನು ಎಲ್ಲಿ ಹಾಕಲೆಂದು ಕೇಳಿದಾಗ ಅಮ್ಮ ಕೈಚಾಚಿ ತೆಗೆದುಕೊಂಡು, ಮಡಿಸಿ, ತಮ್ಮ ಪೆಟ್ಟಿಗೆಯಲ್ಲಿ ಔಷಧದ ಚೀಟಿಗಳ ಮೇಲೆ ಇಟ್ಟರು.